ಗೊತ್ತಿದ್ದವರ ಕೈ

ಎಚ್‌ಐವಿ ಮಾತ್ರೆ ನುಂಗುವಾಗ, ಕಾಯಿಲೆಯ ವಿಷಯ ಗೊತ್ತಿದ್ದ ಒಬ್ಬರು ಕೈ ಹಿಡಿದಿರಬೇಕಿತ್ತು. ಇಲ್ಲದಿದ್ದರೆ ಅದು ರಕ್ತಕ್ಕೆ ಇಳಿಯುತ್ತಿರಲಿಲ್ಲ. ಅದಕ್ಕೇ ನೀಲವ್ವ ಆರು ವರ್ಷದಿಂದ ದಿನಾ ಬೆಳಿಗ್ಗೆ ಚಿಕಿತ್ಸಾ ಕೇಂದ್ರಕ್ಕೆ ಬರುತ್ತಿದ್ದಳು. ನರ್ಸ್ ಸುಶೀಲಾ ಅವಳ ಕೈ ಹಿಡಿಯುತ್ತಿದ್ದರು.

"ನಾಳೆಯಿಂದ ಕೇಂದ್ರ ವಾರಕ್ಕೊಮ್ಮೆ ಅಷ್ಟ ತೆರೀತೈತಿ. ಇವತ್ತರ ಮನಿಯವರಿಗೆ ಹೇಳು, ನೀಲವ್ವ," ಎಂದರು ಸುಶೀಲಾ.

ಹೊರಗೆ ಬೆಂಚಿನ ಮೇಲೆ ಅಕ್ಕ ಗಂಗವ್ವ ಕೂತಿದ್ದಳು. ತಂಗಿಗೆ ಸಕ್ಕರೆ ಕಾಯಿಲೆ ಎಂದೇ ಅವಳು ನಂಬಿದ್ದಳು. ನೀಲವ್ವ ಅಂದಿನ ಮಾತ್ರೆ ಹಿಡಿದು ಬಂದು, ಪಕ್ಕದಲ್ಲಿ ಕೂತು, ಎಲ್ಲವನ್ನೂ ಹೇಳಿದಳು.

ಗಂಗವ್ವ ತಂಗಿಯ ಕೈಯಲ್ಲಿದ್ದ ಮಾತ್ರೆಯನ್ನು ನೋಡಿದಳು.

"ಇಷ್ಟ್ ವರ್ಷ ಯಾರು ಕೈ ಹಿಡಿತಿದ್ರು?"

"ನರ್ಸಮ್ಮ."

ಗಂಗವ್ವನ ಕಣ್ಣು ತುಂಬಿತು. ಅಂಗೈಯ ಬೆವರನ್ನು ಸೆರಗಿಗೆ ಒರೆಸಿಕೊಂಡು, ತಂಗಿಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ನುಂಗು," ಎಂದಳು.