ಇಲ್ಲದ ಕಣ

ಬಸ್ಸಿನ ಕಿಟಕಿಯಲ್ಲಿ ಇವತ್ತೂ ಅದೇ ಹೆಂಗಸು. ಭೀಮರಾಜನ ಪಕ್ಕದ ಸೀಟು, ಮಡಿಲಲ್ಲಿ ಅವನ ಊಟದ ಡಬ್ಬಿ. ನಿಲ್ದಾಣದ ಟೀ ಅಂಗಡಿಯಲ್ಲಿ ಎರಡು ಲೋಟ ಹೇಳಿದ್ದ ಧನುಶ್ರೀ ಆ ಕಿಟಕಿಯನ್ನೇ ನೋಡಿದಳು.

ಅರಸೀಕೆರೆಯಿಂದ ಬೇಲೂರಿಗೆ ಹೋಗುವ ಆ ಬಸ್ಸು ಹಳೇಬೀಡಿನಲ್ಲಿ ಟೀಗೆ ನಿಲ್ಲುತ್ತದೆ. ಅದೇ ಹೊತ್ತಿಗೆ ಧನುಶ್ರೀ ಭೌತಶಾಸ್ತ್ರ ಕಲಿಸುವ ಕಾಲೇಜು ಬಿಡುತ್ತದೆ. ಅರಸೀಕೆರೆಯಲ್ಲಿ ಕೆಲಸ ಮುಗಿಸಿ ಬರುವ ಭೀಮರಾಜನಿಗೂ ಅವಳಿಗೂ ಮೂರು ವರ್ಷದಿಂದ ಸಂಜೆಯ ಟೀ ನಿಲ್ದಾಣದಲ್ಲೇ. ಈ ಹೆಂಗಸು ಮಾತ್ರ ಹೋದ ತಿಂಗಳಿಂದ.

ಅವನು ಇಳಿದು ಬಂದ. ಅವಳು ಲೋಟ ಮುಟ್ಟಲಿಲ್ಲ.

“ಯಾರ್ರೀ ಅವಳು?”

ಭೀಮರಾಜ ಬೆಚ್ಚಲಿಲ್ಲ, ನಕ್ಕ. “ನೀನೇ ಹೇಳಿದ್ದಲ್ವೇನೇ, ಉಬ್ಬು ಕಂಡ ತಕ್ಷಣ ಕಣ ಐತೆ ಅನ್ಬಾರ್ದು ಅಂತ? ಒಂದೇ ಟೈಮಿಗೆ ಒಂದೇ ಬಸ್ಸು ಹತ್ತೀವಿ. ಅಷ್ಟೇಯ.”

ಹೇಳಿದ್ದು ಹೌದು. ಅವಳ ಸಂಶೋಧನೆಯೇ ಅದು. ಮೆಸಾನ್ ಎಂಬ ಕಣ ಒಡೆದು ಚೂರುಗಳು ಹಾರುತ್ತವೆ. ಹಿಂದೆ ಹೊರಟ ಚೂರೊಂದು ಮುಂದೆ ಹೋದದ್ದನ್ನು ಹಾದಿಯಲ್ಲಿ ಹಿಡಿದು ತಾಗುತ್ತದೆ. ಗ್ರಾಫಿನಲ್ಲಿ ಉಬ್ಬು ಏಳುತ್ತದೆ. ಹೊಸ ಕಣ ಸಿಕ್ಕಿತೆಂದು ಜನ ಕುಣಿಯುತ್ತಾರೆ. ಕಣವೂ ಇಲ್ಲ, ಮಣ್ಣೂ ಇಲ್ಲ. ವೇಗವೂ ಹೊತ್ತೂ ಕೂಡಿಬಂದಿರುತ್ತವೆ, ಅಷ್ಟೇ. ತನ್ನ ಪಾಠವನ್ನು ಇವನು ಎಷ್ಟು ಚೆನ್ನಾಗಿ ಕಲಿತಿದ್ದಾನೆ ಎಂದು ಅವಳಿಗೆ ಹೆಮ್ಮೆಯೂ ಆಯಿತು, ಪೆದ್ದಿಗೆ.

ಪರೀಕ್ಷೆಯೂ ಅವಳಿಗೆ ಗೊತ್ತಿತ್ತು. ವೇಗವನ್ನೋ ಹೊತ್ತನ್ನೋ ಬದಲಿಸಿ ನೋಡಬೇಕು. ನಿಜವಾದ ಕಣ ಇದ್ದೇ ಇರುತ್ತದೆ. ಸುಳ್ಳು ಉಬ್ಬು ಮಾಯವಾಗುತ್ತದೆ.

ಸೋಮವಾರ ಬಸ್ಸಿನ ವೇಳೆಯೇ ಬದಲಾಯಿತು. ಅವಳ ತರಗತಿ ಮುಗಿಯುವ ಮೊದಲೇ ಅದು ಹಳೇಬೀಡು ದಾಟಿತ್ತು. ಟೀ ತಪ್ಪಿತು. ಯಾಕೆ ಬರಲಿಲ್ಲವೆಂದು ಅವನು ಫೋನು ಮಾಡಿ ಕೇಳಲೂ ಇಲ್ಲ.

ಮರುದಿನ ರಜೆ ಹಾಕಿ ಬೇಲೂರಿಗೆ ಹೋದಳು. ನಿಲ್ದಾಣದ ಹೂವಿನಂಗಡಿಯ ಮರೆಯಲ್ಲಿ ನಿಂತಳು. ಬಸ್ಸು ಬಂತು. ಭೀಮರಾಜ ಇಳಿದ. ಹಿಂದೆಯೇ ಅದೇ ಹೆಂಗಸು. ಅವಳ ಕೈಯ ಚೀಲವನ್ನು ಅವನು ತಾನಾಗಿ ಇಸಿದುಕೊಂಡ. ಇಬ್ಬರೂ ಮಾತಿಲ್ಲದೆ ಒಂದೇ ಬೀದಿಗೆ ತಿರುಗಿದರು.

ಹಾಗಾದರೆ ಇದು ನಿಜವಾದ ಕಣವೇ. ಧನುಶ್ರೀ ಮರೆಯಿಂದ ಹೊರಬಂದು ಆ ಬೀದಿಯತ್ತ ನೋಡಿದಳು.

ಹೂವಿನಂಗಡಿಯ ಸಾವಿತ್ರಮ್ಮ ಅವಳ ನೋಟ ಹೋದ ಕಡೆ ನೋಡಿದಳು. “ಭೀಮರಾಜಣ್ಣನ್ನ ಕೇಳ್ಕಂಡು ಬಂದ್ರಾ? ಜೊತೇಲಿರೋದು ಅವರ ಹೆಂಡ್ರು ಕಣ್ರೀ. ಮದ್ವೆಗೆ ಹೂವು ನಾನೇ ಕೊಟ್ಟಿದ್ದು, ಹತ್ತು ವರ್ಷ ಆಗೈತೆ. ಆಯಮ್ಮಂಗೂ ಹೋದ ತಿಂಗ್ಳು ಅರಸೀಕೆರೆಗೇ ವರ್ಗ ಆಯ್ತು. ನೀವ್ಯಾರು ಮೇಡಂ?”

ತಂಗಿಯ ಮದುವೆ ಮುಗಿಯಲಿ, ಆಮೇಲೆ ನಮ್ಮದು ಎಂದಿದ್ದ ಅವನು. ಈ ಮೂರು ವರ್ಷ ಹಳೇಬೀಡಿನ ನಿಲ್ದಾಣ ಬಿಟ್ಟು ಬೇರೆಲ್ಲೂ ಅವಳಿಗೆ ಸಿಕ್ಕಿರಲಿಲ್ಲ.

ಬಸ್ಸಿನ ವೇಳೆ ಬದಲಾಗಿತ್ತು. ಮಾಯವಾದ ಉಬ್ಬು ಧನುಶ್ರೀಯೇ.