ಅಂಚಿನಲ್ಲಿದ್ದ ಕುರಿರೊಪ್ಪ

ಬೆಟ್ಟದ ತುದಿಯಿಂದ ಯಾರೋ ಮತ್ತೆ ಸುತ್ತ ತಿರುಗಿ ಉದ್ದನೆಯ ಫೋಟೊ ತೆಗೆದಿದ್ದರು. ಕೆರೆ, ಕೆರೆಯ ಏರಿ, ಅದರಾಚೆಗಿದ್ದ ಓಬಕ್ಕನ ರೊಪ್ಪ, ಒಳಗಿದ್ದ ಮೂವತ್ತು ಕುರಿಗಳ ಸಮೇತ, ಬೆಳಗಿನಿಂದ ಇರಲಿಲ್ಲ. ಅಲ್ಲಿ ಬರೀ ಬಿಳಿ ಬಯಲು. ಫೋಟೊದೊಳಗೆ ಹೋದದ್ದು ಆ ಫೋಟೊ ಅಳಿಸುವ ತನಕ ಊರಿಗೆ ಮರಳುತ್ತಿರಲಿಲ್ಲ. ಓಬಕ್ಕ ಕೋಲು ಹಿಡಿದು ಬೆಟ್ಟದ ಬುಡದಲ್ಲಿ ದಾರಿಗಡ್ಡವಾಗಿ ಕೂತಳು.

ಬೆನ್ನುಚೀಲದ ಯುವಕನೊಬ್ಬ ಇಳಿದು ಬಂದ.

"ಇಲ್ಲಿ ಫೋಟೊ ತೆಗೀಬೇಡಿ ಅಂತ ಬೋರ್ಡ್ ಐತಲ್ಲ, ಓದಕ್ಕೆ ಬರಲ್ವೇನಪ್ಪಾ? ಅಳಿಸು."

"ಆಂಟಿ, ಆಗ್ಲೇ ಗ್ರೂಪಿಗೆ ಹಾಕ್ಬಿಟ್ಟೆ. ಎಲ್ರೂ ಲೈಕ್ ಮಾಡ್ತಿದಾರೆ."

"ಇನ್ನೊಂದ್ಸಲ ಆಂಟಿ ಅಂದ್ರೆ ಕೋಲು ಬೀಳ್ತದೆ. ಅಲ್ಲೂ ಅಳಿಸು."

ಅವನು ಗೊಣಗುತ್ತಾ ಅಳಿಸಿದ. ಕೆರೆ ತುಂಬಿಕೊಂಡಿತು. ಏರಿ ಎದ್ದು ನಿಂತಿತು. ಅದರಾಚೆಯ ಬಯಲು ಮಾತ್ರ ಬಿಳಿಯಾಗಿಯೇ ಉಳಿಯಿತು.

"ನನ್ನ ರೊಪ್ಪ ಎಲ್ಲೋ?"

"ಅದಾ? ಅಂಚಲ್ಲಿ ಚೆನ್ನಾಗಿ ಕಾಣ್ತಿರ್ಲಿಲ್ಲ. ಹಾಕೋಕೆ ಮುಂಚೆನೇ ಕತ್ತರಿಸ್ಬಿಟ್ಟೆ."

"ಕತ್ತರಿಸಿದ್ದು ವಾಪಸ್ ಬರ್ತದಾ?"

"ಬರಲ್ಲ."

ಓಬಕ್ಕ ಬಯಲಿನಿಂದ ಅವನತ್ತ ತಿರುಗಿದಳು. ಆಮೇಲೆ ಕೋಲನ್ನು ಕೆಳಗಿಟ್ಟು, ಸೊಂಟದ ಚೀಲದಿಂದ ತನ್ನ ಹಳೆಯ ಫೋನು ತೆಗೆದು ಅದರ ಕ್ಯಾಮೆರಾವನ್ನು ಅವನಿಗೆ ಎದುರಾಗಿ ಹಿಡಿದಳು.

"ಒಂಚೂರು ಅಂಚಿಗೆ ನಿಂತ್ಕೊ," ಎಂದಳು.