ಅರ್ಧ ನಿಮಿಷ ಸುಮ್ಮನಿರುವುದು

"ಮತ್ತೆ ಹಳೇ ಸರ್ವರಿಗೇ ಹೋಯ್ತು," ಎಂದು ಸೊಸೆ ಲ್ಯಾಪ್‌ಟಾಪಿನ ಮುಂದೆ ಹಣೆ ಚಚ್ಚಿಕೊಂಡಳು. ಆಸ್ಪತ್ರೆಯ ರಕ್ತಪರೀಕ್ಷೆಯ ವರದಿಗಳು ಸೇರುತ್ತಿದ್ದ ಆ ಸರ್ವರನ್ನು ಹನ್ನೆರಡಕ್ಕೆ ಬಂದ್ ಮಾಡಿಬಿಡುತ್ತಾರೆ. ಹೊಸದಕ್ಕೆ ಹೋಗುವ ದಾರಿಯನ್ನು ಅವಳು ಬೆಳಿಗ್ಗೆಯೇ ಕಂಪ್ಯೂಟರಿನ ದಾರಿಗಳ ಪಟ್ಟಿಯಲ್ಲಿ ಬರೆದಿದ್ದಳು. ಆದರೂ, ದಾರಿ ಬದಲಾಯಿತೇ ನೋಡೋಣವೆಂದು ಸೆಕೆಂಡಿಗೊಂದರಂತೆ ಬಿಡುತ್ತಿದ್ದ ಸಂದೇಶಗಳೆಲ್ಲ ಹಳೇ ಹಾದಿಯನ್ನೇ ಹಿಡಿಯುತ್ತಿದ್ದವು. ಈಗ ಹನ್ನೊಂದೂ ಮುಕ್ಕಾಲು.

"ದಾರಿ ತೋರಿಸೋದು ಯಾರಮ್ಮ?" ಬಟ್ಟೆ ಮಡಚುತ್ತಿದ್ದ ಅತ್ತೆ ಕೇಳಿದರು.

"ಕಂಪ್ಯೂಟರಿನೊಳಗೇ ಇರೋ ಒಂದು ಸ್ವಿಚ್ಚು, ಅತ್ತೆ. ಮೊದಲು ಬಂದ ಸಂದೇಶಕ್ಕೆ ಮಾತ್ರ ಪಟ್ಟಿ ನೋಡತ್ತೆ. ಅದರ ಹಿಂದೆಯೇ ಬಂದವನ್ನೆಲ್ಲ ನೆನಪಿನ ಮೇಲೇ ಅದೇ ದಾರೀಲಿ ತಳ್ಳತ್ತೆ. ಅರ್ಧ ನಿಮಿಷ ಏನೂ ಬರದಿದ್ರೆ ಮರೆತು, ಮತ್ತೆ ಪಟ್ಟಿ ನೋಡತ್ತೆ. ಈ ಕತ್ತೆ ಮಾತ್ರ ಬೆಳಿಗ್ಗೆಯಿಂದ ಮರೀತಾನೇ ಇಲ್ಲ."

"ಮರೆಯೋಕೆ ನೀನು ಬಿಟ್ಟರೆ ತಾನೇ? ಸೆಕೆಂಡಿಗೊಂದು ಸಲ ಅದರ ಬಾಗಿಲು ಬಡೀತಾ ಕೂತಿದ್ದೀಯ."

ಸೊಸೆ ಸಂದೇಶ ಬಿಡುವುದನ್ನು ನಿಲ್ಲಿಸಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ಹತ್ತು ಎಣಿಸುವಷ್ಟರಲ್ಲಿ ಬಲಗೈ ಮೆಲ್ಲಗೆ ಹೊರಗೆ ಬಂತು. ಅತ್ತೆ ಅದನ್ನು ಹಿಡಿದುಕೊಂಡವರು ಮೂವತ್ತಾಗುವವರೆಗೂ ಬಿಡಲಿಲ್ಲ. ಆಮೇಲೆ ಕಳಿಸಿದ ಒಂದೇ ಒಂದು ಸಂದೇಶಕ್ಕೆ ಹೊಸ ಸರ್ವರಿನಿಂದ ಉತ್ತರ ಬಂತು.